‘ಅಯ್ಯೋ’ ಅನ್ನಬೇಡಿ, ಸೈಜ್ ಕೇಳಿ

ಕೆನಡಾದ ಒಂಟೇರಿಯೊ ಪ್ರಾಂತದಲ್ಲಿ ಹೈಸ್ಕೂಲು ದಾಟಬೇಕಾದರೆ ಮಕ್ಕಳು 40 ಗಂಟೆ ಸಮಾಜಸೇವೆ ಮಾಡಿ ತೋರಿಸಬೇಕು. ಗಣಿತದಲ್ಲಿ ನೂರಕ್ಕೆ ನೂರು ಬಂದಿದ್ದರೂ ಸರಿ, ಆ ಗಂಟೆಗಳ ಲೆಕ್ಕ ಕೂಡದೆ ಡಿಪ್ಲೊಮಾ ಕೈಗೆ ಸಿಗುವುದಿಲ್ಲ. ನನ್ನ ಮಗಳು ಅದನ್ನು ಮುಂದೂಡಿ ಮುಂದೂಡಿ, ಕಡೆಗೊಂದು ದಿನ ‘ಟೆರ್ರಿ ಫಾಕ್ಸ್ ರನ್‌ಗೆ ಜನ ಬೇಕಂತೆ, ಹೋಗ್ತೀನಿ’ ಅಂದಳು. ಚಿಕ್ಕವರ ಅರ್ಜಿಗೆ ಅಪ್ಪನೋ ಅಮ್ಮನೋ ಸಹಿ ಹಾಕಬೇಕು. ಸಹಿ ಹಾಕಲು ಹೋದ ನನ್ನನ್ನು ಸಮಿತಿಯ ಅಧ್ಯಕ್ಷೆ ಒಮ್ಮೆ ಮೇಲಿಂದ ಕೆಳಗೆ ನೋಡಿ, ‘ನೀವೂ ಬನ್ನಿ, ಮಕ್ಕಳು ಬೇಕಾದಷ್ಟಿದ್ದಾರೆ, ದೊಡ್ಡವರೇ ಸಿಗ್ತಿಲ್ಲ’ ಅಂದರು. ಇಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ. ಮಗಳ ಗಂಟೆಗಳು ಯಾವತ್ತೋ ಮುಗಿದವು. ನಾನು ಇನ್ನೂ ಹೋಗುತ್ತಿದ್ದೇನೆ.

ಟೆರ್ರಿ ಫಾಕ್ಸ್ ಯಾರು ಅಂತ ಇಲ್ಲಿ ಒಂದನೇ ಕ್ಲಾಸಿನ ಮಗುವನ್ನು ಕೇಳಿದರೂ ಹೇಳುತ್ತದೆ. ನಮ್ಮ ಕಡೆಯಿಂದ ಬಂದು ನೆಲೆಸಿದವರಿಗೆ ಅದು ಯಾವುದೋ ಶಾಲೆಯ ಹೆಸರು, ಯಾವುದೋ ರಸ್ತೆಯ ಹೆಸರು. ನನಗೂ ಹಾಗೇ ಇತ್ತು. 1958ರಲ್ಲಿ ವಿನಿಪೆಗ್‌ನಲ್ಲಿ ಹುಟ್ಟಿ, ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾದಲ್ಲಿ ಬೆಳೆದ ಹುಡುಗ. ಹದಿನೆಂಟರ ವಯಸ್ಸಿನಲ್ಲಿ, 1977ರಲ್ಲಿ, ಬಲಗಾಲಿಗೆ ಆಸ್ಟಿಯೋಸಾರ್ಕೋಮಾ ಅನ್ನುವ ಮೂಳೆ ಕ್ಯಾನ್ಸರ್ ಬಂದು ಮೊಣಕಾಲಿನ ಮೇಲಕ್ಕೆ ಕಾಲು ತೆಗೆದರು. ಮೂರು ವರ್ಷ ಕಳೆದ ಮೇಲೆ, 1980ರ ಏಪ್ರಿಲ್ 12ರಂದು, ಅವನು ದೇಶದ ಪೂರ್ವದ ತುದಿ ಸೇಂಟ್ ಜಾನ್ಸ್‌ನಲ್ಲಿ ತನ್ನ ಕೃತಕ ಕಾಲನ್ನು ಅಟ್ಲಾಂಟಿಕ್ ಸಮುದ್ರದ ನೀರಿಗೆ ತಾಗಿಸಿ ಪಶ್ಚಿಮಕ್ಕೆ ಓಡಲು ಶುರು ಮಾಡಿದ. ದಿನಕ್ಕೊಂದು ಮ್ಯಾರಥಾನ್‌ನಷ್ಟು ದೂರ, ಅಂದರೆ 42 ಕಿಲೋಮೀಟರು ಅವನ ಗುರಿ. ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಸೇರಿಸಬೇಕು, ದೇಶದ ಒಬ್ಬೊಬ್ಬರೂ ಒಂದೊಂದು ಡಾಲರ್ ಕೊಟ್ಟರೆ ಸಾಕು ಅನ್ನುವುದು ಲೆಕ್ಕ. 143 ದಿನ ಓಡಿದ, 5,373 ಕಿಲೋಮೀಟರು. ಸೆಪ್ಟೆಂಬರ್ 1ರಂದು ಥಂಡರ್ ಬೇ ಊರಿನ ಹತ್ತಿರ ಎದೆನೋವು, ಕೆಮ್ಮು ತಾಳಲಾರದೆ ನಿಂತ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 1981ರ ಫೆಬ್ರವರಿ ಹೊತ್ತಿಗೆ 2.4 ಕೋಟಿ ಡಾಲರ್ ಸೇರಿ ತಲೆಗೊಂದು ಡಾಲರಿನ ಲೆಕ್ಕ ಸರಿಹೋದದ್ದನ್ನು ನೋಡಿದ. ಅದೇ ಜೂನ್‌ನಲ್ಲಿ, ಇಪ್ಪತ್ತಮೂರು ತುಂಬಲು ಸರಿಯಾಗಿ ಒಂದು ತಿಂಗಳಿರುವಾಗ, ತೀರಿಹೋದ. ಆ ಸೆಪ್ಟೆಂಬರ್‌ನಲ್ಲೇ ಅವನ ಹೆಸರಿನ ಮೊದಲ ಓಟ ನಡೆಯಿತು. ಮೂರು ಲಕ್ಷ ಜನ ಓಡಿದರು, ನಡೆದರು. ಅಲ್ಲಿಂದ ಇಲ್ಲಿವರೆಗೆ ಅವನ ಹೆಸರಲ್ಲಿ ಸೇರಿದ ಹಣ 85 ಕೋಟಿ ಡಾಲರ್ ದಾಟಿದೆ.

ಇಷ್ಟೆಲ್ಲ ಇದ್ದರೂ ಊರೂರಿನಲ್ಲಿ ಓಟ ನಡೆಸುವವರು ನಮ್ಮಂಥ ಬಿಟ್ಟಿ ಚಾಕರಿಯವರೇ. ಟೊರೊಂಟೊ ಮಗ್ಗುಲಿನ ನಮ್ಮ ಊರಿನ ಸಮಿತಿ ಬೇಸಿಗೆಯಲ್ಲಿ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಸೇರುತ್ತದೆ. ರಿಟೈರಾದ ಪೋಸ್ಟ್‌ಮನ್ ಒಬ್ಬರು, ರಾತ್ರಿ ಪಾಳಿ ಮುಗಿಸಿ ಹಾಗೇ ಬರುವ ನರ್ಸ್ ಒಬ್ಬಳು, ಬ್ಯಾಂಕಿನ ಹುಡುಗ ಒಬ್ಬ, ಇನ್ನೂ ಮೂರ್ನಾಲ್ಕು ಜನ. ಅಧ್ಯಕ್ಷೆ ಶಾಲಾ ಮೇಷ್ಟರಾಗಿದ್ದವರು, ಅದು ಅವರ ದನಿಯಲ್ಲೇ ಗೊತ್ತಾಗುತ್ತದೆ. 1980ರ ಜುಲೈನಲ್ಲಿ ಟೆರ್ರಿ ಟೊರೊಂಟೊಗೆ ಬಂದಾಗ ನೇಥನ್ ಫಿಲಿಪ್ಸ್ ಸ್ಕ್ವೇರ್‌ನಲ್ಲಿ ಹತ್ತು ಸಾವಿರ ಜನ ಸೇರಿದ್ದರು. ಹಾಕಿ ಆಟಗಾರ ಡ್ಯಾರಿಲ್ ಸಿಟ್ಲರ್ ತನ್ನ ಜೆರ್ಸಿಯನ್ನೇ ಅವನಿಗೆ ಕೊಟ್ಟ. ಆ ಗುಂಪಿನಲ್ಲಿ ಈಕೆಯೂ ಇದ್ದರಂತೆ, ಹೈಸ್ಕೂಲು ಹುಡುಗಿ. ‘ಕಾಲು ದಿಟ್ಟಿಸಿ ನೋಡಬೇಡ, ಚೆನ್ನಾಗಿರಲ್ಲ ಅಂತ ಅಮ್ಮ ಹೇಳಿ ಕಳಿಸಿದ್ದಳು. ಅವನು ನೋಡಿದರೆ ಚಡ್ಡಿ ಹಾಕಿಕೊಂಡು ಬಂದಿದ್ದ. ಕಾಲಿಗೆ ಕಟ್ಟಿದ ಪಟ್ಟಿ, ಕಬ್ಬಿಣ ಎಲ್ಲ ಕಾಣ್ತಿತ್ತು. ನೋಡದೆ ಎಲ್ಲಿಗೆ ಹೋಗಲಿ?’ ಅಂತ ನಗುತ್ತಾರೆ. ಆ ಚಡ್ಡಿಯ ವಿಷಯ ಅವರು ಸುಮ್ಮನೆ ಹೇಳುತ್ತಿರಲಿಲ್ಲ ಅನ್ನುವುದು ನನಗೆ ತಿಳಿದದ್ದು ಆಮೇಲೆ.

ಈ ಓಟದ ಕಟ್ಟುಪಾಡುಗಳು ವಿಚಿತ್ರ. ಎಂಟ್ರಿ ಫೀ ಇಲ್ಲ. ಇಷ್ಟು ಕೊಡಲೇಬೇಕು ಅಂತ ಇಲ್ಲ, ಏನೂ ಕೊಡದೆಯೂ ಓಡಬಹುದು. ಟೈಮ್ ನೋಡುವುದಿಲ್ಲ, ಮೊದಲು ಬಂದವರಿಗೆ ಬಹುಮಾನವಿಲ್ಲ, ಎದೆಗೆ ನಂಬರ್ ಇಲ್ಲ. ನಡೆಯಬಹುದು, ಸೈಕಲ್ ತುಳಿಯಬಹುದು, ಗಾಲಿಕುರ್ಚಿಯಲ್ಲಿ ಬರಬಹುದು, ನಾಯಿ ಕರೆತರಬಹುದು. ಎಲ್ಲಕ್ಕಿಂತ ನಮ್ಮ ತಲೆ ತಿನ್ನುವುದು ಕಂಪನಿಗಳ ಬೋರ್ಡು ಹಾಕುವಂತಿಲ್ಲ ಅನ್ನುವುದು. ಟೆರ್ರಿ ಬದುಕಿದ್ದಾಗಲೇ ಮಾಡಿದ ನಿಯಮ ಇದು. ವ್ಯಾನು, ಪೆಟ್ರೋಲು, ಶೂ ಕೊಟ್ಟವರಿಂದ ತೆಗೆದುಕೊಂಡ, ಆದರೆ ನಮ್ಮ ಸರಕಿನ ಜಾಹೀರಾತು ಮಾಡು ಅಂದವರನ್ನು ವಾಪಸ್ ಕಳಿಸಿದ. ಈ ಓಟದಿಂದ ಯಾರಿಗೂ ಲಾಭವಾಗಕೂಡದು ಅನ್ನುವ ಹಟ. ಅವನದು ಹಟ, ಅದನ್ನು ಊರವರಿಗೆ ವಿವರಿಸುವ ಕರ್ಮ ನಮ್ಮದು.

ನನಗೆ ಮೊದಲ ಸಲ ಒಪ್ಪಿಸಿದ ಕೆಲಸ ಬಾಳೆಹಣ್ಣು ಹೊಂದಿಸುವುದು. ನಮ್ಮವರದ್ದೇ ಒಂದು ದಿನಸಿ ಅಂಗಡಿಗೆ ಹೋದೆ. ಮಾಲೀಕರು ಧಾರಾಳಿ. ‘ಎಷ್ಟು ಪೆಟ್ಟಿಗೆ ಬೇಕು ತಗೊಂಡು ಹೋಗಿ ಮೇಡಂ, ಒಂದು ಬ್ಯಾನರ್ ಮಾತ್ರ ಹಾಕ್ತೀನಿ, ಸಣ್ಣದು, ದೀಪಾವಳಿ ಆಫರ್‌ದು’ ಅಂದರು. ಬ್ಯಾನರ್ ಹಾಕುವಂತಿಲ್ಲ ಅಂದೆ. ಸರಿ, ಪೆಟ್ಟಿಗೆ ಮೇಲೆ ಸ್ಟಿಕ್ಕರ್? ಅದೂ ಇಲ್ಲ. ಮೈಕಿನಲ್ಲಿ ಒಂದು ಸಲ ಹೆಸರು? ಅದಕ್ಕೂ ಇಲ್ಲ ಅಂತ ತಲೆಯಾಡಿಸಿದೆ. ಅವರು ಕ್ಯಾಶ್ ಕೌಂಟರಿನ ಹಿಂದೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ‘ಹಂಗಾದ್ರೆ ನಾನು ಕೊಟ್ಟೆ ಅಂತ ಯಾರಿಗೂ ಗೊತ್ತೇ ಆಗಲ್ವಾ?’ ‘ನನಗೆ ಗೊತ್ತಿರುತ್ತಲ್ಲ’ ಅಂದೆ. ‘ನೀವು ಹೆಂಗೂ ನಮ್ಮಲ್ಲೇ ಸಾಮಾನು ತಗೊಳ್ತೀರಿ’ ಅಂದರು. ಕೊನೆಗೆ ಬಾಳೆಹಣ್ಣಂತೂ ಬಂತು, ಪೆಟ್ಟಿಗೆಗಳ ಜೊತೆ ಅವರ ಇಬ್ಬರು ಮಕ್ಕಳೂ ಬಂದರು.

ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಓಟದ ವಿಷಯ ಹಾಕಿದಾಗ ಬಂದ ಮೊದಲ ಪ್ರಶ್ನೆ ಮೆಡಲ್ ಕೊಡ್ತಾರಾ ಅನ್ನುವುದು. ಅವರ ತಪ್ಪಲ್ಲ. ಬೆಂಗಳೂರಿನಲ್ಲಿ 2008ರಿಂದ ವರ್ಲ್ಡ್ 10ಕೆ ಓಟ ನೋಡಿ ಬೆಳೆದವರಿಗೆ ಓಟ ಅಂದರೆ ಶೂಗೆ ಟೈಮ್ ಅಳೆಯುವ ಚಿಪ್, ಕೊರಳಿಗೆ ಮೆಡಲು, ಮಧ್ಯಾಹ್ನಕ್ಕೆ ಫೇಸ್‌ಬುಕ್ಕಿನಲ್ಲಿ ಫೋಟೊ. ನಾನೂ ಅಲ್ಲಿ ಮೆಡಲ್ ಕಚ್ಚಿ ಫೋಟೊ ತೆಗೆಸಿಕೊಂಡವಳೇ. ಎರಡನೇ ಪ್ರಶ್ನೆಯಲ್ಲಿ ಸತ್ವ ಇತ್ತು. ‘ಸಂಶೋಧನೆಗೆ ಯಾಕೆ ಕೊಡಬೇಕು? ಕಿದ್ವಾಯಿಗೆ ರಾಯಚೂರಿಂದ, ಬೀದರಿಂದ ಬರೋ ರೋಗಿಗೆ ಬಸ್ ಚಾರ್ಜಿಗೂ ದುಡ್ಡಿರಲ್ಲ. ಅವರಿಗೆ ಕೊಡೋಣ’ ಅಂತ ಒಬ್ಬರು ಬರೆದಿದ್ದರು. ಸುಮಾರು ದಿನ ಇದು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಬಸ್ ಚಾರ್ಜು ಇವತ್ತಿನ ಕಷ್ಟ, ಇವತ್ತೇ ತೀರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೆರ್ರಿ ಸಂಶೋಧನೆಯನ್ನೇ ಹಿಡಿದದ್ದಕ್ಕೆ ಕಾರಣ ಅವನ ಫೈಲಿನಲ್ಲೇ ಇತ್ತು. ಕಾಲು ತೆಗೆದು ಕೀಮೋ ಕೊಡುವಾಗ ಡಾಕ್ಟರು ಹೇಳಿದ್ದು, ಬದುಕುವ ಸಾಧ್ಯತೆ ನೂರಕ್ಕೆ ಐವತ್ತು ಅಂತ. ಎರಡೇ ವರ್ಷ ಹಿಂದೆ ಇದೇ ಕಾಯಿಲೆ ಬಂದಿದ್ದರೆ ಅದು ನೂರಕ್ಕೆ ಹದಿನೈದು. ಆ ಎರಡು ವರ್ಷದಲ್ಲಿ ಯಾರೋ ಲ್ಯಾಬಿನಲ್ಲಿ ಕೂತು ಮಾಡಿದ ಕೆಲಸ ಅವನಿಗೆ ಮೂರು ವರ್ಷ ಆಯುಸ್ಸು ಕೊಟ್ಟಿತು, ಆ ಮೂರು ವರ್ಷದಲ್ಲಿ ಅವನು ಅರ್ಧ ದೇಶಕ್ಕಿಂತ ಹೆಚ್ಚು ಓಡಿದ. ಕಾಲು ಉಳಿಸಿ ಗಡ್ಡೆಯಿದ್ದ ಮೂಳೆ ಮಾತ್ರ ತೆಗೆಯುವ ಆಪರೇಶನ್ ಈ ಕಾಯಿಲೆಗೆ ಇವತ್ತು ಮಾಮೂಲು, ಬೆಂಗಳೂರಿನಲ್ಲೂ ಮಾಡುತ್ತಾರೆ. ಗುಂಪಿನಲ್ಲಿ ಇದನ್ನೆಲ್ಲ ಬರೆದೆ. ಆ ಪ್ರಶ್ನೆ ಕೇಳಿದವರು ಒಪ್ಪಿದರೋ ಬಿಟ್ಟರೋ, ಓಟಕ್ಕೆ ಬಂದರು. ಕಿದ್ವಾಯಿಗೂ ದುಡ್ಡು ಕಳಿಸಿದರು. ಅದು ಸರಿಯಾದ ಉತ್ತರ ಅನ್ನಿಸಿತು.

ಓಟಕ್ಕೆ ಮುಂಚೆ ವಾಲಂಟಿಯರುಗಳಿಗೆ ಒಂದು ಸಂಜೆ ತರಬೇತಿ. ಅರ್ಧ ಗಂಟೆ ಆಂಬುಲೆನ್ಸಿಗೆ ದಾರಿ ಎಲ್ಲಿ, ಕಳೆದುಹೋದ ಮಕ್ಕಳನ್ನು ಯಾರ ಹತ್ತಿರ ಕಳಿಸಬೇಕು, ಬಿಸಿಲಿಗೆ ಯಾರಾದರೂ ಕುಸಿದರೆ ಏನು ಮಾಡಬೇಕು ಅನ್ನುವುದು. ಆಮೇಲೆ ಅಧ್ಯಕ್ಷೆ ಒಂದು ಕೆಂಪು ಟೀಶರ್ಟ್ ಎತ್ತಿ ಹಿಡಿದರು. ಈ ಓಟದಲ್ಲಿ ಕೆಂಪು ಅಂಗಿಗೆ ಒಂದು ಮರ್ಯಾದೆ ಇದೆ. ಕ್ಯಾನ್ಸರ್ ಬಂದು ಅದರ ಜೊತೆ ಬದುಕುತ್ತಿರುವವರು, ಗುಣವಾದವರು ಅದನ್ನು ಹಾಕುತ್ತಾರೆ. ಅವರಿಗೆ ಟೆರ್ರೀಸ್ ಟೀಮ್ ಅನ್ನುತ್ತಾರೆ.

‘ಟೇಬಲ್ ಹತ್ತಿರ ಬಂದು ನಾನು ಟೆರ್ರೀಸ್ ಟೀಮ್ ಅಂತ ಯಾರಾದರೂ ಹೇಳಿದರೆ ನೀವು ಏನಂತೀರಿ?’ ಅಂತ ಕೇಳಿದರು. ಹುಡುಗರು ನೆಲ ನೋಡಿದರು. ಒಬ್ಬಳು ‘ಐ ಆಮ್ ಸೋ ಸಾರಿ’ ಅಂದಳು. ಮತ್ತೊಬ್ಬ ಕಂಗ್ರಾಚುಲೇಶನ್ಸ್ ಅಂದ. ಅಧ್ಯಕ್ಷೆ ಎರಡಕ್ಕೂ ಕೈಯಾಡಿಸಿಬಿಟ್ಟರು. ‘ಮುಖ ಸಣ್ಣ ಮಾಡಬೇಡಿ, ಯಾವ ಕ್ಯಾನ್ಸರ್, ಯಾವ ಸ್ಟೇಜ್ ಅಂತ ಕೇಳಬೇಡಿ, ನಮ್ಮ ಚಿಕ್ಕಮ್ಮನಿಗೂ ಅದೇ ಇತ್ತು ಅನ್ನಬೇಡಿ. ಸೈಜ್ ಎಷ್ಟು ಅಂತ ಕೇಳಿ. ಅಂಗಿ ಕೊಡಿ. ಅವರೇ ಮಾತಾಡಿದರೆ ಕೇಳಿಸಿಕೊಳ್ಳಿ, ಹಿಂದೆ ಸಾಲು ಎಷ್ಟೇ ಉದ್ದ ಇರಲಿ.’

ನಾನು ಬೆಳೆದ ಮನೆಯಲ್ಲಿ ಕಾಯಿಲೆಯವರನ್ನು ನೋಡಲು ಹೋಗುವುದೆಂದರೆ ಮೋಸಂಬಿ ಹಣ್ಣಿನ ಜೊತೆ ‘ಅಯ್ಯೋ’ ಅನ್ನುವುದೂ ಒಂದು ಕೊಡುಗೆ. ಅದನ್ನು ಬಿಟ್ಟು ಸೈಜ್ ಕೇಳು ಅಂದರೆ ಮೊದಲಿಗೆ ಎದೆಗಾರಿಕೆ ಅನ್ನಿಸಿತು, ನಿಷ್ಕರುಣೆಯೂ ಅನ್ನಿಸಿತು.

ಓಟ ಲೇಬರ್ ಡೇ (ಇಲ್ಲಿ ಅದು ಸೆಪ್ಟೆಂಬರಿನ ಮೊದಲ ಸೋಮವಾರ) ಕಳೆದ ಎರಡನೇ ಭಾನುವಾರ. ಸೆಪ್ಟೆಂಬರ್ ನಡುವಿಗೆ ಇಲ್ಲಿ ಬೆಳಗಾಗುವುದು ಏಳರ ಹತ್ತಿರ, ನಾವು ಆರಕ್ಕೇ ಪಾರ್ಕಿನಲ್ಲಿರಬೇಕು. ಕೆರೆ ದಂಡೆಯ ಪಾರ್ಕು, ನೋಡಲು ಚಂದ. ಆದರೆ ಆ ಚಂದವನ್ನು ನಮಗಿಂತ ಮೊದಲು ಕಂಡುಕೊಂಡವು ಕೆನಡಾ ಗೂಸ್ ಅನ್ನುವ ದಪ್ಪ ಬಾತುಗಳು. ಅವುಗಳಷ್ಟು ನಿಷ್ಠೆಯಿಂದ ದಾರಿಯುದ್ದಕ್ಕೂ ಹಿಕ್ಕೆ ಹಾಕುವ ಪ್ರಾಣಿ ಇನ್ನೊಂದಿಲ್ಲ. ಹಸಿರು ಹಸಿರಾಗಿ, ಬೆರಳಿನ ಉದ್ದಕ್ಕೆ, ಇಬ್ಬನಿಗೆ ನೆನೆದು ಜಾರುತ್ತಿರುತ್ತವೆ. ಗಾಲಿಕುರ್ಚಿಯವರು, ಕೋಲು ಊರಿಕೊಂಡು ನಡೆಯುವವರು ಬರುವ ದಾರಿ, ಹಾಗೇ ಬಿಡುವಂತಿಲ್ಲ. ನಾನು, ಪೋಸ್ಟ್‌ಮನ್ನು, ಹೈಸ್ಕೂಲಿನ ಇಬ್ಬರು ಹುಡುಗರು ತಲೆಗೆ ಟಾರ್ಚ್ ಕಟ್ಟಿಕೊಂಡು ಹಿಮ ಎತ್ತುವ ಸಲಿಕೆಯಲ್ಲಿ ಅದನ್ನು ಕೆರೆದು ಬದಿಗೆ ಎಸೆಯುತ್ತ ಹೋದೆವು. ಹಿಂದಿನಿಂದ ಬಾತುಗಳು ಬಂದು ಖಾಲಿ ಜಾಗ ನೋಡಿ ಖುಷಿಪಟ್ಟು ಮತ್ತೆ ಶುರು ಮಾಡಿದವು. ‘ನಲವತ್ತು ಗಂಟೆ ಸಮಾಜಸೇವೆ ಅಂದ್ರೆ ಇದಾ?’ ಅಂದ ಒಬ್ಬ ಹುಡುಗ. ಪೋಸ್ಟ್‌ಮನ್ನು ತಲೆಯೆತ್ತದೆ, ‘ಇದು ಮೂವತ್ತೊಂಬತ್ತು. ಉಳಿದ ಒಂದು ಗಂಟೆ ಟೀಶರ್ಟ್ ಮಡಚೋದು’ ಅಂದರು.

ದಾರಿ ಗುರುತು ಹಾಕುವುದು ಅಷ್ಟೇನೂ ಕಷ್ಟವಲ್ಲ. ಸೀಮೆಸುಣ್ಣದ ಬಾಣ, ತಿರುವಿಗೊಂದು ಬೋರ್ಡು, ರಸ್ತೆ ದಾಟುವ ಕಡೆ ಕಿತ್ತಳೆ ಜಾಕೆಟ್ಟಿನ ಮನುಷ್ಯ. ನಗರಸಭೆಯ ಪರವಾನಗಿ, ಇನ್ಶೂರೆನ್ಸು, ಪ್ರಥಮ ಚಿಕಿತ್ಸೆಯವರು, ಎಲ್ಲದರ ಕಾಗದವೂ ಒಂದೇ ಫೈಲಿನಲ್ಲಿ ಅಧ್ಯಕ್ಷೆಯ ಕಂಕುಳಲ್ಲಿ. ಒಂದು, ಐದು, ಹತ್ತು ಕಿಲೋಮೀಟರು ಅಂತ ಮೂರು ದಾರಿ.

ಎಂಟಕ್ಕೆ ನೋಂದಣಿ ಟೇಬಲ್ ತೆರೆದೆವು. ನನ್ನ ಪಾಲಿಗೆ ಬಂದದ್ದು ಏನಾದರೂ ಆದರೆ ನಡೆಸುವವರನ್ನು ದೂರುವುದಿಲ್ಲ ಅನ್ನುವ ಹಕ್ಕುಬಿಡುವಳಿ ಪತ್ರಕ್ಕೆ ಸಹಿ ಮಾಡಿಸುವುದು, ಸ್ಟಿಕ್ಕರ್ ಕೊಡುವುದು, ಕೆಂಪು ಅಂಗಿ ಕೊಡುವುದು. ಸ್ಟಿಕ್ಕರಿನ ಮೇಲೆ ‘ನಾನು ಇವರಿಗಾಗಿ ಓಡುತ್ತಿದ್ದೇನೆ’ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿ ಕೆಳಗೆ ಖಾಲಿ ಜಾಗ. ಜನ ಮಾರ್ಕರ್ ತೆಗೆದುಕೊಂಡು ಬರೆದು ಎದೆಗೆ ಅಂಟಿಸಿಕೊಳ್ಳುತ್ತಾರೆ. ಅಜ್ಜ. ಮಿಸ್ ಅಂತ ಶುರುವಾಗುವ ಟೀಚರ ಹೆಸರು. ಒಬ್ಬ ಹುಡುಗ ನಾಯಿಯ ಹೆಸರು ಬರೆದ. ಒಬ್ಬ ಗಂಡಸು ಮಾರ್ಕರ್ ಹಿಡಿದು ಏನೂ ಬರೆಯದೆ ನಿಂತವನು, ಸ್ಟಿಕ್ಕರ್ ಖಾಲಿ ಬಿಟ್ಟೇ ಅಂಟಿಸಿಕೊಂಡು ಹೋದ. ಎಷ್ಟೋ ಜನಕ್ಕೆ ಜಾಗ ಸಾಲದೆ ಎರಡು ಸ್ಟಿಕ್ಕರ್ ಬೇಕಾಗುತ್ತಿತ್ತು.

ಮಂಕಿ ಕ್ಯಾಪು, ಸ್ವೆಟರು, ಇಳಕಲ್ ಸೀರೆ, ಕೆಳಗೆ ಮೊಮ್ಮಗನದ್ದೇ ಇರಬೇಕು ಅನ್ನಿಸುವಂಥ ಬಿಳಿ ಶೂ. ಸೂಪರ್ ವೀಸಾದಲ್ಲಿ ಮಗನ ಮನೆಗೆ ಬಂದಿರುವ ಬಾಗಲಕೋಟೆ ಕಡೆಯ ಅಜ್ಜಿ. ನಾನು ಕನ್ನಡದವಳು ಅಂತ ಗೊತ್ತಾದದ್ದೇ ತಡ, ಹಿಂದಿನ ಸಾಲನ್ನು ಪೂರ್ತಿ ಮರೆತು ವಿಚಾರಣೆಗೆ ನಿಂತರು. ‘ಎಷ್ಟು ಓಡಿದ್ರ ಎಷ್ಟು ರೊಕ್ಕ ಕೊಡ್ತಾರವಾ?’ ಅವರು ಕೊಡಲ್ಲ ಅಜ್ಜಿ, ನಾವೇ ಕೊಡಬೇಕು. ‘ಓಡೋದೂ ನಾವ, ಕೊಡೋದೂ ನಾವ?’ ಹೌದು. ‘ಮತ್ತ ಓಡೋದು ಯಾಕ? ಕೊಟ್ಟು ಮನಿಗೆ ಹೋಗಬಾರದೇನು?’ ಇದಕ್ಕೆ ಸಮಿತಿಯ ಫೈಲಿನಲ್ಲಿ ಉತ್ತರ ಇರಲಿಲ್ಲ. ಅಜ್ಜಿಯೇ ಒಂದು ಗಳಿಗೆ ಯೋಚಿಸಿ, ‘ಶ್ರೀಶೈಲಕ್ಕ ನಡಕೊಂಡು ಹೋಗ್ತಾರಲ್ಲ, ಹಂಗ’ ಅಂತ ತಾವೇ ತೀರ್ಮಾನ ಮಾಡಿಕೊಂಡರು. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದಿಂದ ಮಲ್ಲಯ್ಯನ ಸನ್ನಿಧಿಗೆ ಕಾಲ್ನಡಿಗೆಯಲ್ಲಿ ಹೊರಡುವವರಿಗೆ ದಾರಿಯುದ್ದಕ್ಕೂ ಜನ ನೀರು, ಮಜ್ಜಿಗೆ, ಊಟ ಕೊಡುತ್ತಾರೆ. ಅಲ್ಲಿಯೂ ಯಾರು ಮೊದಲು ಮುಟ್ಟಿದರು ಅಂತ ಯಾರೂ ಕೇಳುವುದಿಲ್ಲ. ನಾನು ವಾಟ್ಸಾಪಿನಲ್ಲಿ ಉದ್ದುದ್ದ ಬರೆದು ಅರ್ಥ ಮಾಡಿಸಲಾಗದ್ದನ್ನು ಅಜ್ಜಿ ಒಂದು ಮಾತಿನಲ್ಲಿ ಮುಗಿಸಿದರು. ಸ್ಟಿಕ್ಕರಿನಲ್ಲಿ ತಂಗಿಯ ಹೆಸರು ಕನ್ನಡದಲ್ಲೇ ಬರೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಿಲೋಮೀಟರಿನ ದಾರಿ ಬಿಟ್ಟು ಐದರ ದಾರಿ ಹಿಡಿದರು. ಮಗ ಹಿಂದೆ ಓಡಿದ.

ಅವಳು ಬಂದದ್ದು ಇದಾದ ಮೇಲೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ವರ್ಷಕ್ಕೆರಡು ಸಲವಾದರೂ ಸಿಗುವ ಗೆಳತಿ. ಒಬ್ಬಟ್ಟಿನ ಹೂರಣ ತೆಳ್ಳಗಾದರೆ ಏನು ಮಾಡಬೇಕು ಅನ್ನುವುದರಿಂದ ಹಿಡಿದು ಮಕ್ಕಳ ಕಾಲೇಜಿನವರೆಗೆ ನಾವು ಮಾತಾಡದ ವಿಷಯ ಇರಲಿಲ್ಲ, ಹಾಗಂತ ನಾನು ತಿಳಿದಿದ್ದೆ. ಟೋಪಿ ಹಾಕಿಕೊಂಡಿದ್ದಳು. ನನ್ನನ್ನು ಟೇಬಲಿನ ಹಿಂದೆ ನೋಡಿ ಅರೆಕ್ಷಣ ಹಿಂದೆ ಸರಿದಳು. ಪಕ್ಕದ ಟೇಬಲಿಗೆ ಹೋಗಬಹುದಿತ್ತು, ಅಲ್ಲಿ ಸಾಲೂ ಕಡಿಮೆ ಇತ್ತು. ಹೋಗಲಿಲ್ಲ. ಮುಂದೆ ಬಂದು, ‘ಟೆರ್ರೀಸ್ ಟೀಮ್’ ಅಂದಳು, ಇಂಗ್ಲಿಷಿನಲ್ಲಿ, ನನ್ನ ಪರಿಚಯವೇ ಇಲ್ಲ ಅನ್ನುವ ಹಾಗೆ.

ಗಂಟಲವರೆಗೆ ಬಂದದ್ದು ‘ಅಯ್ಯೋ, ಯಾವಾಗ? ನನಗೊಂದು ಮಾತು ಹೇಳಬಾರದಿತ್ತಾ?’ ಅನ್ನುವುದು. ಅಧ್ಯಕ್ಷೆಯ ಮೇಷ್ಟರ ದನಿ ಕಿವಿಯಲ್ಲಿತ್ತು.

‘ಸೈಜ್?’

‘ಮೀಡಿಯಂ. ಇಲ್ಲ, ಈಗ ಸ್ಮಾಲ್ ಸಾಕು’ ಅಂದಳು, ಕನ್ನಡದಲ್ಲಿ.

ಸ್ಮಾಲ್ ಕೊಟ್ಟೆ. ಅಲ್ಲೇ ಜಾಕೆಟ್ಟಿನ ಮೇಲೆ ಹಾಕಿಕೊಂಡಳು, ಬಿಗಿಯಾಯಿತು, ನಕ್ಕಳು, ತೆಗೆದು ಜಾಕೆಟ್ ಬಿಚ್ಚಿ ಮತ್ತೆ ಹಾಕಿಕೊಂಡಳು. ಆಮೇಲೆ ತಾನಾಗಿಯೇ ಹೇಳಿದಳು, ಎರಡು ಮೂರು ವಾಕ್ಯದಲ್ಲಿ, ಅದನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ, ‘ನಮ್ಮ ಗ್ರೂಪಲ್ಲಿ ಯಾರಿಗೂ ಗೊತ್ತಿಲ್ಲ. ಫೋಟೊ ಹಾಕಬೇಡ’ ಅಂದಳು. ಸಾವಿರಾರು ಜನರ ನಡುವೆ ಅರ್ಧ ಮೈಲಿಯಿಂದ ಕಾಣುವ ಕೆಂಪು ಅಂಗಿ ಹಾಕಿಕೊಂಡು ನಿಂತು ಹೇಳಿದ ಮಾತಿದು. ಅವಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಈ ಅಪರಿಚಿತರಿಗೆ ಅವಳು ಒಂದು ಅಂಗಿ. ನಮ್ಮವರಿಗೆ ತಿಳಿದರೆ ಮಗಳ ಮದುವೆ, ಊರಿನ ಅತ್ತೆ, ಯಾವ ಜನ್ಮದ ಕರ್ಮ, ಅರಿಶಿನ ಮತ್ತು ಗೋಮೂತ್ರದ ವಾಟ್ಸಾಪು, ಎಲ್ಲಕ್ಕೂ ಅವಳೇ ಉತ್ತರ ಹೇಳಬೇಕು. ಅವಳು ನನ್ನ ಟೇಬಲಿಗೇ ಬಂದದ್ದು ಯಾಕೆ ಅಂತ ನಾನು ಕೇಳಿಲ್ಲ. ನಾನು ಸೈಜ್ ಕೇಳದೆ ‘ಅಯ್ಯೋ’ ಅಂದುಬಿಟ್ಟಿದ್ದರೆ ಅಲ್ಲಿಂದಲೇ ಮನೆಗೆ ಹೋಗುತ್ತಿದ್ದಳು ಅಂತ ಮಾತ್ರ ಆಮೇಲೆ ಹೇಳಿದಳು.

ಓಟಕ್ಕೆ ಮುಂಚೆ ಕೆಂಪು ಅಂಗಿಯವರನ್ನೆಲ್ಲ ಮುಂದಕ್ಕೆ ಕರೆದು ನಿಲ್ಲಿಸುತ್ತಾರೆ. ಭಾಷಣ ಕಡಿಮೆ. ರಿಬ್ಬನ್ ಕತ್ತರಿಸಿದ್ದೂ ಅವರೇ, ಮೊದಲು ಹೆಜ್ಜೆ ಇಟ್ಟಿದ್ದೂ ಅವರೇ. ಉಳಿದವರು ದಾರಿ ಬಿಟ್ಟು ಚಪ್ಪಾಳೆ ತಟ್ಟಿದರು. ಆಮೇಲೆ ತಳ್ಳುಗಾಡಿ, ನಾಯಿ, ಸೈಕಲ್ಲು, ಅಜ್ಜಂದಿರು, ಅದೊಂದು ಜಾತ್ರೆ.

ನನ್ನನ್ನು ಐದು ಕಿಲೋಮೀಟರಿನ ತಿರುವಿಗೆ ನೀರು ಕೊಡಲು ಕಳಿಸಿದರು. ಅಲ್ಲಿ ಸಿಕ್ಕವರಲ್ಲಿ ಮರೆಯಲಾಗದವರು ನಮ್ಮವರೇ ಒಬ್ಬ ಸಾಫ್ಟ್‌ವೇರ್ ಮನುಷ್ಯ. ಕೈಗಡಿಯಾರ ತೋರಿಸುತ್ತ, ‘ಮೇಡಂ, ನಿಮ್ಮ ಕೋರ್ಸ್ ಇನ್ನೂರು ಮೀಟರ್ ಶಾರ್ಟ್ ಇದೆ’ ಅಂತ ದೂರಿದರು. ಇರಬಹುದು ಅಂದೆ. ‘ಹಾಗಾದರೆ ನನ್ನ ಪರ್ಸನಲ್ ಬೆಸ್ಟ್ ಲೆಕ್ಕಕ್ಕೆ ಬರಲ್ಲ’ ಅಂದರು. ಇಲ್ಲಿ ಯಾರ ಲೆಕ್ಕವೂ ಬರಲ್ಲ ಸಾರ್, ನೀರು ತಗೊಳ್ಳಿ ಅಂದೆ. ಅವರು ಆ ಇನ್ನೂರು ಮೀಟರನ್ನು ಪಾರ್ಕಿಂಗ್ ಜಾಗದಲ್ಲಿ ಓಡಿ ತುಂಬಿಸಿಕೊಂಡದ್ದನ್ನು ನನ್ನ ಮಗಳು ನೋಡಿದಳಂತೆ. ಎಲ್ಲರಿಗಿಂತ ಕೊನೆಗೆ ಬಂದದ್ದು ಕೆಂಪು ಅಂಗಿಯ ಒಬ್ಬ ಮುದುಕರು, ಎರಡೂ ಕೈಯಲ್ಲಿ ಕೋಲು, ಜೊತೆಗೆ ಹೆಂಡತಿ. ಅವರು ಬರುವವರೆಗೆ ದಾರಿಯ ಬೋರ್ಡು ತೆಗೆಯಕೂಡದು ಅನ್ನುವುದು ನಮಗೆ ಹಾಕಿಕೊಟ್ಟ ಕಟ್ಟಪ್ಪಣೆ. ಓಟಗಳಲ್ಲಿ ಕೊನೆಯವನ ಬೆನ್ನಿಗೇ ಕೋನುಗಳನ್ನು ಎತ್ತಿ ಲಾರಿಗೆ ಎಸೆಯುತ್ತ ಬರುವ ಸದ್ದು ನಾನು ಬೆಂಗಳೂರಿನಲ್ಲಿ ಕೇಳಿದ್ದೇನೆ, ಹಿಂದೆ ಬಿದ್ದವಳಾಗಿ. ಇಲ್ಲಿ ಕಾಯುತ್ತ ನಿಂತಾಗ ಚಳಿ ಹಿಡಿಯಿತು, ಕಾಫಿ ಮುಗಿದಿತ್ತು, ಆದರೂ ಬೇಸರವಾಗಲಿಲ್ಲ.

ಮಧ್ಯಾಹ್ನ ದುಡ್ಡು ಎಣಿಸುವ ಕೆಲಸ. ಇದಕ್ಕೆ ಇಬ್ಬರು ಕೂರಲೇಬೇಕು, ಇಬ್ಬರೂ ಸಹಿ ಹಾಕಬೇಕು. ಜನ ಈಗ ಕಾರ್ಡು ತಾಗಿಸಿಯೇ ಹೆಚ್ಚು ಕೊಡುತ್ತಾರೆ, ಆನ್‌ಲೈನಿನಲ್ಲಿ ಮೊದಲೇ ಸೇರಿಸಿರುತ್ತಾರೆ. ಯಾರು ಎಷ್ಟು ಕೊಡುತ್ತಾರೆ ಅಂತ ಕಾಗದದ ಪ್ಲೆಡ್ಜ್ ಶೀಟಿನಲ್ಲಿ ಬರೆಸಿಕೊಂಡವರದ್ದು ತಲೆನೋವು. ತೆರಿಗೆ ರಸೀದಿ ಹೋಗಬೇಕಾದರೆ ಹೆಸರು, ವಿಳಾಸ ಪೂರ್ತಿ ಇರಬೇಕು, ಕೈಬರಹವೋ ದೇವರಿಗೇ ಪ್ರೀತಿ. ಉಳಿದದ್ದು ಚಿಲ್ಲರೆ. ಇಲ್ಲಿಯ ಶಾಲೆಗಳಲ್ಲಿ ಟೆರ್ರಿ ಹೆಸರಲ್ಲಿ ಮಕ್ಕಳು ಎರಡು ಡಾಲರಿನ ನಾಣ್ಯ, ಅಂದರೆ ಟೂನಿ, ತರುತ್ತಾರೆ. ಆ ಅಭ್ಯಾಸದಲ್ಲಿ ಪಾರ್ಕಿಗೂ ಪುಟಾಣಿಗಳು ಹುಂಡಿ ಒಡೆದು ತಂದಿದ್ದರು. ಇಪ್ಪತ್ತೈದು ನಾಣ್ಯಕ್ಕೊಂದು ಕಾಗದದ ಸುರುಳಿ. ಸುತ್ತಿ ಸುತ್ತಿ ಬೆರಳ ತುದಿ ಕಪ್ಪಾಯಿತು.

ಒಂದು ಡಾಲರಿನ ರಾಶಿ ಸರಿಸುವಾಗ ಅಧ್ಯಕ್ಷೆ ತಟ್ಟನೆ ಒಂದನ್ನು ಹೆಕ್ಕಿ ನನ್ನ ಮುಂದೆ ಇಟ್ಟರು. ಮಾಮೂಲಾಗಿ ಅದರ ಮೇಲೆ ಲೂನ್ ಹಕ್ಕಿ ಇರುತ್ತದೆ. ಇದರ ಮೇಲೆ ಓಡುತ್ತಿರುವ ಹುಡುಗ, ಗುಂಗುರು ಕೂದಲು, ಒಂದು ಕಾಲು ಸಪೂರ. 2005ರಲ್ಲಿ ಇಲ್ಲಿನ ಟಂಕಸಾಲೆ ಹೊರತಂದದ್ದು. ಕೆನಡಾದಲ್ಲಿ ಹುಟ್ಟಿದ ವ್ಯಕ್ತಿಯೊಬ್ಬನನ್ನು ಚಲಾವಣೆಯ ನಾಣ್ಯದ ಮೇಲೆ ಅಚ್ಚು ಹಾಕಿದ್ದು ಅದೇ ಮೊದಲು. ಹಾಲು, ಬ್ರೆಡ್ಡಿನ ಚಿಲ್ಲರೆಯಲ್ಲಿ ಆಗೀಗ ಸಿಗುತ್ತಿರುತ್ತದೆ, ನಾನು ಸರಿಯಾಗಿ ನೋಡಿದ್ದು ಅವತ್ತೇ. ಅವರು ತಮ್ಮ ಪರ್ಸಿನಿಂದ ಹಕ್ಕಿಯ ಡಾಲರ್ ತೆಗೆದು ರಾಶಿಗೆ ಹಾಕಿ ಇದನ್ನು ತಮಗೆ ಇಟ್ಟುಕೊಂಡರು. ಪ್ರತಿ ವರ್ಷ ಹೀಗೆ ಬದಲಾಯಿಸಿಕೊಳ್ಳುತ್ತಾರಂತೆ. ಬ್ಯಾಂಕಿನ ಹುಡುಗ, ‘ಇದು ಲೆಕ್ಕಪತ್ರದ ನಿಯಮಕ್ಕೆ ಸರಿಯೇ?’ ಅಂತ ಗಂಭೀರವಾಗಿ ಕೇಳಿದ. ‘ಬರೆದುಕೋ, ಒಂದು ಡಾಲರ್ ಹೋಯಿತು, ಒಂದು ಬಂತು’ ಅಂದರು.

ನಮ್ಮ ಊರಿನ ಮೊತ್ತ ಹೇಳಿಕೊಳ್ಳುವಂಥದ್ದೇನಲ್ಲ. ಅದು ಟೆರ್ರಿ ಫಾಕ್ಸ್ ಫೌಂಡೇಶನ್ನಿಗೆ ಹೋಗುತ್ತದೆ, ಅಲ್ಲಿಂದ ಸಂಶೋಧಕರಿಗೆ. 2007ರಿಂದ ಅದಕ್ಕೆಂದೇ ಒಂದು ಸಂಶೋಧನಾ ಸಂಸ್ಥೆಯೂ ಇದೆ. ನಾವು ಸುತ್ತಿದ ಯಾವ ಸುರುಳಿ ಯಾವ ಲ್ಯಾಬಿನಲ್ಲಿ ಏನಾಯಿತು ಅಂತ ಕೇಳಿದರೆ ಯಾರೂ ಹೇಳಲಾರರು. ಊಟ ಹಾಕಿ ತೃಪ್ತರ ಮುಖ ನೋಡುವ ಸೇವೆ ಇದಲ್ಲ. ಹಾಗಾಗಿ ಕೆಲವರಿಗೆ ಇದು ರುಚಿಸುವುದಿಲ್ಲ, ಒಂದು ವರ್ಷ ಬಂದು ಬಿಟ್ಟುಬಿಡುತ್ತಾರೆ. ನನ್ನನ್ನು ಹಿಡಿದಿಟ್ಟಿರುವುದು ದುಡ್ಡಿನ ಮೊತ್ತವಲ್ಲ, ಆ ಟೇಬಲ್ಲು.

ವಾರ ಕಳೆದು ಸಮಿತಿ ಮತ್ತೆ ಸೇರಿತು. ತಿರುವಿನಲ್ಲಿ ಎರಡನೇ ನೀರಿನ ಟೇಬಲ್ ಬೇಕು, ಹತ್ತು ಕಿಲೋಮೀಟರಿನ ದಾರಿಯನ್ನು ಅಳೆದು ಸರಿಮಾಡಬೇಕು (ಸಾಫ್ಟ್‌ವೇರ್ ಸಾಹೇಬರು ಇಮೇಲ್ ಬರೆದಿದ್ದರು, ಮ್ಯಾಪಿನ ಸಮೇತ), ಕೆಂಪು ಸ್ಮಾಲ್ ಸೈಜು ಜಾಸ್ತಿ ತರಿಸಬೇಕು. ಪಾರ್ಕು ಬುಕ್ ಮಾಡುವ ಅರ್ಜಿ ಚಳಿಗಾಲದಲ್ಲೇ ಹಾಕಬೇಕು, ಇಲ್ಲದಿದ್ದರೆ ಮದುವೆಯವರು ಹಿಡಿದುಬಿಡುತ್ತಾರೆ. ಮೊದಲ ಸಲ ಬರುವವರಿಗೆ ಸೈಜಿನ ಪಾಠ ಹೇಳುವ ಕೆಲಸ ಈಗ ನನ್ನದು. ಬಾತುಗಳ ವಿಷಯ ಪ್ರತಿ ವರ್ಷದಂತೆ ಚರ್ಚೆಯಾಗಿ ಪ್ರತಿ ವರ್ಷದಂತೆ ಪೋಸ್ಟ್‌ಮನ್ನರ ತಲೆಗೆ ಬಂತು. ಸುತ್ತಮುತ್ತ ಇರುವ ಕನ್ನಡದವರು ಯಾರಾದರೂ ಬರುವುದಾದರೆ ಬೆಳಗ್ಗೆ ಆರಕ್ಕೆ ಬನ್ನಿ, ಸಲಿಕೆ ನಾವೇ ಕೊಡುತ್ತೇವೆ, ಹಳೇ ಶೂ ಹಾಕಿಕೊಂಡು ಬನ್ನಿ.